ದೊರೆಸಾನಿಯ ಧಾರೆ ಸೀರೆ

ಆ ಊರಿಗೆ ಹೆಸರಿಲ್ಲ. ಹೆಸರಿಡಲೆಂದು ಬಂದವರೆಲ್ಲ ಅದರ ದೊಡ್ಡಸ್ತಿಕೆ ನೋಡಿ ಬಾಯಿ ತೆರೆದರು, ತೆರೆದ ಬಾಯಿ ಮುಚ್ಚಲೇ ಇಲ್ಲ. ಹೆಸರು ಗಂಟಲಲ್ಲೇ ಉಳಿಯಿತು. ಅದರ ಕೋಟೆಗೋಡೆ ಎಷ್ಟು ಎತ್ತರವೆಂದರೆ, ದಾಟಲು ಹೊರಟ ಕಾಗೆ ಬುತ್ತಿ ಕಟ್ಟಿಕೊಂಡು ಹೊರಡಬೇಕು, ನಡುವೆ ಎಲ್ಲಾದರೂ ಕೂತು ಒಂದು ನಿದ್ದೆ ತೆಗೆಯಬೇಕು. ಅಲ್ಲಿ ಬೆಳೆದ ಕುಂಬಳಕಾಯಿಯೊಳಗೆ ಎರಡು ಸಂಸಾರ ಇರಬಹುದು, ಜಗಳವಾಡದಿದ್ದರೆ ಮೂರು. ಅಂಥ ಊರಿಗೆ ಒಬ್ಬ ದೊರೆ, ಊರೇ ಕೈಯೆತ್ತಿ ಆರಿಸಿಕೊಂಡ ದೊರೆ. ಇಷ್ಟೆಲ್ಲ ಇದ್ದ ಊರಿಗೆ ಕಟ್ಟಳೆ ಮಾತ್ರ ಒಂದೇ ಒಂದು: ದೊರೆಯ ಅಂಗಿ ಬೆಳ್ಳಗಿರಬೇಕು.

ಬೆಳ್ಳಗೆ ಎಂದರೆ ನಮ್ಮ ನಿಮ್ಮ ಮನೆಯ ಬಿಳುಪಲ್ಲ. ಅದನ್ನು ಕಂಡ ಕೊಕ್ಕರೆ ನಾಚಿಕೊಂಡು ಕೆಸರಿನಲ್ಲಿ ಹೊರಳಬೇಕು, ಅಂಥ ಬಿಳುಪು. ಅಂಗಿಯ ಮೇಲೆ ಸಾಸಿವೆಯಷ್ಟು ಕಲೆ ಉಳಿದರೂ ದೊರೆ ಪೀಠ ಇಳಿದು ಊರಬಾಗಿಲಿನಿಂದ ಹೊರಗೆ ಹೋಗಬೇಕು. ಆ ಊರಿನ ಗಾಳಿಯಲ್ಲಿ ಏನಿತ್ತೋ ನೀರಿನಲ್ಲಿ ಏನಿತ್ತೋ, ದೊರೆ ಮಾಡಬಾರದ್ದನ್ನು ಮಾಡಿದ ದಿನ ಅವನ ಅಂಗಿಯ ಮೇಲೆ ತಾನಾಗಿಯೇ ಕಲೆ ಏಳುತ್ತಿತ್ತು. ಯಾರೂ ಚೆಲ್ಲಬೇಕಿರಲಿಲ್ಲ, ಯಾರೂ ಎರಚಬೇಕಿರಲಿಲ್ಲ. ಒಳಗಿನಿಂದ ಏಳುತ್ತಿತ್ತು, ಮೈಮೇಲೆ ಗುಳ್ಳೆ ಎದ್ದ ಹಾಗೆ.

ಹಾಗಾದರೆ ತಿಂಗಳಿಗೊಬ್ಬ ದೊರೆ ಬೇಕಾಗುತ್ತಿತ್ತಲ್ಲ? ಬೇಕಾಗಲಿಲ್ಲ. ಊರಿನ ಹಿರಿಯರು ಅಷ್ಟೇನೂ ದಡ್ಡರಲ್ಲ. ಅವರು ದೊರೆಗೆ ಮದುವೆ ಮಾಡಿದರು.

ಹುಣ್ಣಿಮೆ ಕಳೆದ ಬೆಳಿಗ್ಗೆ ಊರೆಲ್ಲ ಚಾವಡಿಯ ಮುಂದೆ ಸೇರುತ್ತದೆ. ನಡುವೆ ಒಗೆಯುವ ಕಲ್ಲು. ಕಲ್ಲಿನ ಮೇಲೆ ದೊರೆಸಾನಿ ಸೆರಗು ಹಾಸುತ್ತಾಳೆ. ಸೆರಗಿನ ಮೇಲೆ ದೊರೆ ತನ್ನ ಅಂಗಿ ಬಿಚ್ಚಿ ಹಾಸುತ್ತಾನೆ. ಆಮೇಲೆ ಊರು ಬೆನ್ನು ತಿರುಗಿಸಿ ನಿಲ್ಲುತ್ತದೆ. ಸೂರ್ಯನ ಕಡೆ ಮುಖ ಮಾಡಿ, ಕೈಮುಗಿದು, ಒಂದೇ ದನಿಯಲ್ಲಿ ಹೇಳುತ್ತದೆ:

"ಬಿಳಿ ಬಿಳಿಯಾಗೇ ಇರಲಿ. ಕಲೆ ಕಲೆಯಿದ್ದಲ್ಲಿಗೆ ಹೋಗಲಿ."

ಒಗೆಯುವ ಅಜ್ಜಿ ಬಡಿಗೆ ಎತ್ತಿ ಮೂರು ಪೆಟ್ಟು ಹಾಕುತ್ತಾಳೆ. ಧಪ್. ಧಪ್. ಧಪ್. ಕಲೆ ಅಂಗಿ ಬಿಟ್ಟು ಸೆರಗಿಗೆ ಇಳಿಯುತ್ತದೆ. ಅಜ್ಜಿ "ಆಯ್ತು" ಎನ್ನುತ್ತಾಳೆ. ಅವಳು "ಆಯ್ತು" ಎನ್ನುವ ತನಕ ಯಾರೂ ತಿರುಗುವ ಹಾಗಿಲ್ಲ. ತಿರುಗಿದಾಗ ದೊರೆಯ ಅಂಗಿ ಬೆಳ್ಳಗೆ, ದೊರೆಸಾನಿಯ ಸೀರೆಯ ಮೇಲೆ ಹೊಸ ಕಲೆ. ಆಗ ಊರು ಇಷ್ಟಗಲ ಕಣ್ಣು ಬಿಟ್ಟು ಕೇಳುತ್ತದೆ:

"ಅಯ್ಯಯ್ಯೋ, ಈ ಹೆಂಗಸಿಗೆ ಈ ಕಲೆ ಎಲ್ಲಿಂದ ಬಂತು?"

ಈ ದೊರೆಸಾನಿ ಕಂದಕದಾಚೆಯ ಬಣ್ಣಗಾರರ ಕೇರಿಯವಳು. ಅವಳ ಅಪ್ಪ ಬಟ್ಟೆಗೆ ಬಣ್ಣ ಹಾಕುವುದರಲ್ಲಿ ಎಂಥ ಗಟ್ಟಿಗನೆಂದರೆ, ಒಮ್ಮೆ ಅವನು ಹಳದಿ ಸೀರೆ ಒಣಹಾಕಿದ್ದಕ್ಕೆ ಕೇರಿಯ ಹುಂಜಗಳೆಲ್ಲ ಬೆಳಗಾಯಿತೆಂದು ನಡುಮಧ್ಯಾಹ್ನ ಕೂಗಿದ್ದವು. ಅಂಥವನು ಮಗಳ ಮದುವೆಗೆ ಬಣ್ಣವನ್ನೇ ಮುಟ್ಟದೆ ಕೆಂಪಂಚಿನ ಬಿಳಿ ಧಾರೆ ಸೀರೆ ನೇಯಿಸಿಕೊಟ್ಟ. ಉದ್ದ ಹದಿನಾರು ಮೊಳ. ಬಳುವಳಿಯ ಪೆಟ್ಟಿಗೆಯೊಳಗೆ ತನ್ನ ಕಸುಬಿನ ಜೇನುಮೇಣದ ಉಂಡೆಯೊಂದನ್ನು ಇಟ್ಟು ಹೇಳಿದ್ದ:

"ಬಣ್ಣ ಎಲ್ಲಿ ಬೇಡವೋ ಅಲ್ಲಿಗೆ ಇದನ್ನು ಹಚ್ಚು ಮಗಳೇ. ಮೇಣ ಇರೋ ಕಡೆ ಬಣ್ಣ ಹಿಡಿಯಲ್ಲ. ಬಿರುಕು ಬಿಟ್ಟರೆ ಮಾತ್ರ ಕೂದಲೆಳೆಯಷ್ಟು ಒಳಗೆ ಹೋಗುತ್ತೆ, ಅದನ್ನು ತಡೆಯೋಕೆ ನಮ್ಮಪ್ಪನಿಗೂ ಆಗಲಿಲ್ಲ."

ಅವಳು ನಕ್ಕಿದ್ದಳು. ದೊರೆಯ ಮನೆ ತುಂಬುವವಳಿಗೆ ಮೇಣ ಯಾತಕ್ಕೆ?

ಊರಬಾಗಿಲು ಹೊಕ್ಕ ಮೇಲೆ ತಿಳಿಯಿತು, ದೊರೆಸಾನಿಯಾದವಳು ಇನ್ನು ಮುಂದೆ ಆ ಒಂದೇ ಸೀರೆಯಲ್ಲಿ ಬಾಳಬೇಕು. ಅದರಲ್ಲಿ ಅಂಗೈಯಗಲ ಬಿಳುಪೂ ಉಳಿಯದ ದಿನ, ಉಟ್ಟ ಸೀರೆಯಲ್ಲೇ ಅವಳನ್ನು ಊರಬಾಗಿಲಿನಿಂದ ಆಚೆ ಕಳಿಸುತ್ತಾರೆ. ದೊರೆಗೆ ಬೇರೊಬ್ಬಳು ಬರುತ್ತಾಳೆ, ಬೇರೊಂದು ಬಿಳಿ ಸೀರೆಯಲ್ಲಿ. ಹಿಂದಿನ ದೊರೆಗೆ ಹೀಗೆ ಏಳು ಹೆಂಡಿರು. ಅಂಗಿ ಮಾತ್ರ ಒಂದೇ.

ಮೊದಲನೆಯ ಕಲೆ ಅವಳಿಗೆ ನೆನಪಿತ್ತು. ದೊರೆ ಒಂದೇ ಹೊಲವನ್ನು ಅಣ್ಣನಿಗೂ ತಮ್ಮನಿಗೂ ಬೇರೆಬೇರೆಯಾಗಿ ಕೊಡುತ್ತೇನೆಂದು ಮಾತು ಕೊಟ್ಟ ದಿನ ಎದ್ದ ಕಲೆ ಅದು, ಮಲ್ಲಿಗೆ ಮೊಗ್ಗಿನಷ್ಟು. ಅದು ಅವಳ ನೆರಿಗೆಗೆ ಇಳಿದ ಸಂಜೆ ದೊರೆ ಅದನ್ನು ಬೆರಳಿನಿಂದ ಸವರಿ, "ಹೂವಿನ ಹಾಗೆ ಒಪ್ಪುತ್ತೆ ಕಣೇ ನಿನಗೆ," ಅಂದಿದ್ದ. ಅವಳಿಗೆ ಖುಷಿಯಾಗಿತ್ತು. ಗಂಡನ ಕಷ್ಟದಲ್ಲಿ ಒಂದು ಚೂರು ತನಗೆ ಬಂತು ಅಂದುಕೊಂಡಿದ್ದಳು. ಈ ಕಲೆ ನನ್ನದು ಎಂದು ಅವನು ಒಂದು ಮಾತು ಅನ್ನಬಹುದೆಂದು ಆ ಸಂಜೆ ಕಾದಳು. ಆಮೇಲೆ ಹನ್ನೊಂದು ವರ್ಷ ಕಾದಳು.

ಕಲೆಗಳನ್ನು ಓದಲು ಊರಿನಲ್ಲಿ ಒಬ್ಬ ಸೀರೆ ಪಂಡಿತನಿದ್ದ. ಅವನ ಕಣ್ಣು ಎಷ್ಟು ಚುರುಕೆಂದರೆ ಇರುವೆಯ ಮುಖ ನೋಡಿ ಅದರ ಮನೆದೇವರು ಹೇಳುತ್ತಿದ್ದ. ಅವನು ಮಣೆಯ ಮೇಲೆ ನಿಂತು, ಉದ್ದನೆಯ ಕೋಲಿನಿಂದ ಅವಳ ಸೀರೆಯನ್ನು ಮುಟ್ಟಿ ಮುಟ್ಟಿ ಓದುತ್ತಿದ್ದ.

"ಇಲ್ಲಿ ನೋಡಿ, ಇದು ಕೆರೆಯ ಆಕಾರ. ಕೆರೆ ಬತ್ತಿದ್ದು ಯಾಕೆ ಅಂತ ಕೇಳ್ತಿದ್ದಿರಲ್ಲ, ಕುಡಿದವರು ಯಾರು ಅಂತ ಈಗ ಗೊತ್ತಾಯ್ತಾ?"

"ಒಂದು ಹೆಂಗಸು ಒಂದು ಕೆರೆ ಕುಡಿಯೋಕಾಗುತ್ತಾ ಪಂಡಿತರೇ?" ಅಂತ ಯಾರೋ ಕೇಳಿದರೆ, "ದಿನಾ ಒಂದೊಂದು ಚೊಂಬು ಕುಡಿದಿರಬೇಕು," ಅಂತ ಇನ್ಯಾರೋ ಸಮಾಧಾನ ಹೇಳುತ್ತಿದ್ದರು.

"ನಾನು ಅವತ್ತೇ ಅಂದೆ ಕಣ್ರೀ, ಆ ನಡಿಗೆ ನೋಡಿದರೇ ಗೊತ್ತಾಗುತ್ತೆ."

"ಮೆಲ್ಲಗೆ ನಡೀತಾಳೆ, ಜಂಬ."

"ಮೊನ್ನೆ ಬೇಗ ನಡೆದಳು."

"ಏನೋ ಬಚ್ಚಿಡೋಕೆ ಹೊರಟಿರಬೇಕು ಬಿಡಿ."

ಅವಳು ನಕ್ಕರೆ ಊರಿಗೆ ಸೂತಕದ ನೆನಪಾಗುತ್ತಿತ್ತು, ಅತ್ತರೆ ಹಬ್ಬದ ನೆನಪಾಗುತ್ತಿತ್ತು. ಅವಳ ಬಳೆಯ ಸದ್ದು ಒಂದು ತಿಂಗಳ ಮಾತಾಯಿತು. ಬಳೆ ತೆಗೆದಿಟ್ಟಳು, ಬರಿಗೈ ಎರಡು ತಿಂಗಳ ಮಾತಾಯಿತು. ಊರಿನಲ್ಲಿ ಕೋಳಿ ಕಳೆದರೆ ಮೊದಲು ಅವಳ ಸೀರೆಯಲ್ಲಿ ಹುಡುಕುತ್ತಿದ್ದರು. ದೊರೆಸಾನಿ ಚಾವಡಿಯಲ್ಲಿ ಮಾತಾಡುವ ವಾಡಿಕೆಯಿರಲಿಲ್ಲ. ಅವಳು ಕಲ್ಲಿನ ಪಕ್ಕದಲ್ಲಿ ಸೆರಗು ಹಾಸಿ ನಿಲ್ಲುತ್ತಿದ್ದಳು, ಓದಿಸಿಕೊಳ್ಳುತ್ತಿದ್ದಳು, ಮನೆಗೆ ಹೋಗುತ್ತಿದ್ದಳು.

ಕಲೆಯ ಮೇಲೆ ಕಲೆ ಕೂತು ಆ ಸೀರೆ ಈಗ ಸೀರೆಯಾಗಿ ಉಳಿದಿರಲಿಲ್ಲ. ಒಣಗಿತೆಂದರೆ ಹಲಗೆ. ರಾತ್ರಿ ಬಿಚ್ಚಿದರೆ ಗೋಡೆಗೆ ಒರಗಿ ತಾನೇ ನಿಲ್ಲುತ್ತಿತ್ತು. ಒಂದು ಸಲ ದೊರೆ ಅದನ್ನು ಬಾಗಿಲೆಂದು ತಿಳಿದು ಹೊರಗೆ ಹೋಗಲು ನೋಡಿ ಹಣೆ ಊದಿಸಿಕೊಂಡಿದ್ದ. ಬೆಳಿಗ್ಗೆ ನೀರು ಚಿಮುಕಿಸಿ, ಮೆತ್ತಗೆ ಮಾಡಿ, ಬಗ್ಗಿಸಿ ಬಗ್ಗಿಸಿ ಅವಳು ಅದರೊಳಗೆ ಸೇರಿಕೊಳ್ಳಬೇಕು. ಭುಜ ತರಚಿ ಗಾಯವಾಗುತ್ತಿತ್ತು. ದೊರೆ ಕೆಟ್ಟವನೇನಲ್ಲ, ತಾನೇ ಕೊಬ್ಬರಿಎಣ್ಣೆ ಬೆಚ್ಚಗೆ ಮಾಡಿ ಆ ಗಾಯಕ್ಕೆ ಹಚ್ಚುತ್ತಿದ್ದ. ಹಚ್ಚುತ್ತಾ ನಾಳೆ ಏನು ಮಾಡಬೇಕೆಂದಿದ್ದೇನೆ ಎಂದು ಹೇಳುತ್ತಿದ್ದ. ಗಾಯ ಹೇಗಾಯಿತೆಂದು ಮಾತ್ರ ಒಮ್ಮೆಯೂ ಕೇಳಲಿಲ್ಲ.

ಹೀಗಿರುವಾಗ ದೊರೆ ಸೇತುವೆ ಕಟ್ಟಿಸಿದ.

ಊರಬಾಗಿಲಿನ ಮುಂದೆಯೇ ಕಂದಕ. ಅಗಲ ಹದಿನಾಲ್ಕು ಮೊಳ. ಆಳ ಎಷ್ಟೆಂದರೆ ಇವತ್ತು ಕಲ್ಲು ಹಾಕಿದರೆ ಸದ್ದು ನಾಳೆ ಕೇಳುತ್ತದೆ. ಅದರ ಮೇಲೆ ಅಜ್ಜಂದಿರ ಕಾಲದ ಕಲ್ಲಿನ ಸೇತುವೆಯಿತ್ತು. ಅದು ಹಳತಾಯಿತೆಂದು ದೊರೆ ಕೆಡವಿಸಿದ, ಆ ಕಲ್ಲುಗಳನ್ನು ತನ್ನ ಆಪ್ತನ ಮನೆಗೆ ಸಾಗಿಸಿದ, ಅದರ ಜಾಗದಲ್ಲಿ ಹೊಸದು ನಿಲ್ಲಿಸಿದ. ಸೇತುವೆ ತೆರೆದ ದಿನ ದೊರೆಸಾನಿ ಅದರ ಮೋಟುಗೋಡೆಯನ್ನು ಉಗುರಿನಿಂದ ಕೆರೆದು ನೋಡಿದಳು. ಬಣ್ಣಗಾರನ ಮಗಳು. ಉಗುರಿನೊಳಗೆ ಬಂದದ್ದು ಬೂದು ಬಣ್ಣ, ಅದರ ಕೆಳಗೆ ಮಣ್ಣು.

"ರೀ, ಇದು ಕಲ್ಲಲ್ಲ," ಅಂದಳು, ಗಂಡನಿಗಷ್ಟೇ ಕೇಳುವ ಹಾಗೆ. "ಬಣ್ಣ ಬಳಿದಿದ್ದಾರೆ."

"ಶ್," ಅಂದ ದೊರೆ, ಊರಿನ ಕಡೆ ಕೈಬೀಸುತ್ತಾ. "ಚೆನ್ನಾಗಿ ಕಾಣುತ್ತಲ್ಲ, ಸಾಕು. ಹೊರಗೆ ಬಾಯಿ ಬಿಡಬೇಡ."

ಅವಳು ಬಿಡಲಿಲ್ಲ. ಹನ್ನೊಂದು ವರ್ಷ ಮುಚ್ಚಿದ್ದ ಬಾಯಿ ಒಂದು ಸೇತುವೆಗೆ ತೆರೆಯುತ್ತದೆಯೇ?

ಸಂತೆಯ ದಿನ ಬೆಳಿಗ್ಗೆ ಅರ್ಧ ಊರು ಆಚೆ ದಾಟಿ ಹೋದ ಮೇಲೆ ಸೇತುವೆ ಕುಸಿಯಿತು. ಆಗ ಅದರ ಮೇಲೆ ಏಳು ಜನರಿದ್ದರು. ಅವರ ಕೂಗು ಊರಿಗೆ ಕೇಳಿದ್ದು ಮಾರನೆಯ ದಿನ.

ದೊರೆಯ ಅಂಗಿಯ ಎದೆಯ ಮೇಲೆ ಕಲೆ ಎದ್ದಿತು. ಮುರಿದ ಕಮಾನಿನಂಥ ಒಂದು ಗೆರೆ, ಅದರ ಕೆಳಗೆ ಏಳು ಚುಕ್ಕೆ. ಹಿಂದಿನ ಕಲೆಗಳು ಒಣಗುತ್ತಿದ್ದವು; ಇದು ಒಣಗಲಿಲ್ಲ.

ಹುಣ್ಣಿಮೆಯ ದಿನ ಮಧ್ಯಾಹ್ನ ಒಗೆಯುವ ಅಜ್ಜಿ ದೊರೆಸಾನಿಯ ಹಿತ್ತಲಿಗೆ ಬಂದಳು. ಮಾರನೆಯ ದಿನಕ್ಕೆ ಸೀರೆಯಲ್ಲಿ ಜಾಗ ಎಲ್ಲಿದೆ ನೋಡಿಕೊಂಡು ಹೋಗುವುದು ಅವಳ ಕೆಲಸ. ಸೆರಗಿನ ತುದಿಯಲ್ಲಿ, ಕೆಂಪಂಚಿನ ಪಕ್ಕ, ಸರಿಯಾಗಿ ಒಂದು ಅಂಗೈಯಗಲ ಬಿಳುಪು ಉಳಿದಿತ್ತು. ಅಜ್ಜಿ ತನ್ನ ಅಂಗೈ ಇಟ್ಟು ಅಳೆದಳು. ಅಳೆದ ಮೇಲೂ ಕೈ ತೆಗೆಯಲಿಲ್ಲ.

"ಅಜ್ಜೀ, ನಾಳೆ ನಾನು ಊರಿನಿಂದ ಆಚೆ," ಅಂದಳು ದೊರೆಸಾನಿ. "ಇದೇ ಕೊನೆಯ ಜಾಗ."

"ಗೊತ್ತು ತಾಯಿ. ನಾನು ನಿಮ್ಮ ಸಂಕಟಕ್ಕೆ ಬಂದವಳಲ್ಲ, ತಪ್ಪು ತಿಳೀಬೇಡಿ." ಅಜ್ಜಿ ಅಂಗೈಯನ್ನು ಇನ್ನಷ್ಟು ಒತ್ತಿದಳು. "ಆ ಏಳರಲ್ಲಿ ಒಂದು ಚುಕ್ಕೆ ನನ್ನ ಮೊಮ್ಮಗಳು. ಕೊನೆಯಿಂದ ಎರಡನೆಯದು ಅಂತ ನನಗನ್ನಿಸುತ್ತೆ, ಅದು ಒಂಚೂರು ಸಣ್ಣದು. ನಾಳೆ ನಾನೇ ನನ್ನ ಕೈಯಾರೆ ಅವಳನ್ನ ಬಡಿದು ನಿಮ್ಮ ಸೆರಗಿಗೆ ಹಾಕಬೇಕು."

"ಹೂಂ."

"ಹಾಕಿದ ಮೇಲೆ ಪಂಡಿತ ಏನೋ ಓದ್ತಾನೆ. ದೊರೆಸಾನಿಯ ಮುತ್ತಿನ ಸರ ಅಂತಾನೋ, ಮೂಗುಬೊಟ್ಟು ಅಂತಾನೋ. ಜನ ಹೂಂ ಅಂತಾರೆ. ಇಷ್ಟೊಂದು ಕಲೆ ಮಧ್ಯೆ ನನ್ನ ಕೂಸು ಕಳೆದುಹೋಗುತ್ತೆ ತಾಯಿ. ಕಂದಕದಲ್ಲಿ ಹುಡುಕಿದೆ, ಸಿಗಲಿಲ್ಲ. ಇಲ್ಲೂ ಸಿಗದ ಹಾಗಾದರೆ ಎಲ್ಲಿ ಹುಡುಕಲಿ?"

ದೊರೆಸಾನಿ ತನ್ನ ಸೀರೆಯನ್ನು ನೋಡಿಕೊಂಡಳು. ಕೆರೆ, ಹೊಲ, ಕಣಜ, ಯಾರ ಯಾರದೋ ಬಾಳು. ಇಷ್ಟು ದಿನ ಅವು ತನ್ನ ಮೇಲೆ ಬಿದ್ದ ಕಲೆಗಳೆಂದಷ್ಟೇ ಅವಳಿಗೆ ಗೊತ್ತಿತ್ತು. ಅವು ಯಾರೋ ಹುಡುಕುತ್ತಿರುವ ವಸ್ತುಗಳೆಂದು ಹೊಳೆದದ್ದು ಆಗ. ತಾನು ಸುಮ್ಮನೆ ನಿಂತು, ಒಂದೊಂದನ್ನೂ ಬಚ್ಚಿಟ್ಟುಕೊಂಡಿದ್ದಳು.

ಅಜ್ಜಿ ಹೋದ ಮೇಲೆ ಅವಳು ಬಳುವಳಿಯ ಪೆಟ್ಟಿಗೆ ತೆರೆದಳು. ಮೇಣದ ಉಂಡೆ ಇನ್ನೂ ಅಪ್ಪನ ಹೆಬ್ಬೆರಳಿನ ಗುರುತು ಹೊತ್ತು ಕೂತಿತ್ತು. ಕೆಂಡದ ಮೇಲಿಟ್ಟು ಕರಗಿಸಿ, ಆ ಅಂಗೈಯಗಲದ ಬಿಳುಪಿಗೆ ತೆಳ್ಳಗೆ ಹಚ್ಚಿದಳು. ಒಂದು ಪದರ, ಅದರ ಮೇಲೊಂದು ಪದರ. ಬಣ್ಣಗಾರರ ಕೇರಿಯಲ್ಲಿ ಹಚ್ಚುವ ಹಾಗೆ, ಉಸಿರು ಬಿಗಿಹಿಡಿದು.

ಬೆಳಿಗ್ಗೆ ಚಾವಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅವಳು ಸೆರಗು ಹಾಸಿದಳು. ದೊರೆ ಅಂಗಿ ಹಾಸಿದ. ಊರು ಬೆನ್ನು ತಿರುಗಿಸಿತು.

"ಬಿಳಿ ಬಿಳಿಯಾಗೇ ಇರಲಿ. ಕಲೆ ಕಲೆಯಿದ್ದಲ್ಲಿಗೆ ಹೋಗಲಿ."

ಧಪ್. ಧಪ್. ಧಪ್.

ಅಜ್ಜಿ ಅಂಗಿ ಎತ್ತಿ ನೋಡಿದಳು. ಕಮಾನು ಅಲ್ಲೇ ಇತ್ತು. ಏಳು ಚುಕ್ಕೆ ಅಲ್ಲೇ ಇದ್ದವು. ಸೆರಗಿನ ಬಿಳುಪು ಬಿಳುಪಾಗಿಯೇ ಇತ್ತು. ಅಜ್ಜಿ ಬಡಿಗೆಯನ್ನು ಕೆಳಗಿಟ್ಟಳು. "ಆಯ್ತು" ಎನ್ನಲಿಲ್ಲ.

ಊರು ಬೆನ್ನು ತಿರುಗಿಸಿಯೇ ನಿಂತಿತ್ತು. ಆ ಸಾವಿರ ಬೆನ್ನುಗಳ ನಡುವೆ ಮುಖ ಇದ್ದವರು ಮೂರೇ ಜನ.

ದೊರೆ ಅಂಗಿಯನ್ನು ಕಸಿದುಕೊಂಡು ನೋಡಿದ. "ಏನೇ ಇದು?" ಅಂದ ಪಿಸುಮಾತಿನಲ್ಲಿ. "ಯಾಕೆ ಇಳೀಲಿಲ್ಲ?"

"ಮೇಣ ಹಚ್ಚಿದ್ದೀನಿ."

"ಕೆರೆದು ತೆಗಿ. ಬೇಗ. ಇನ್ನೂ ತಿರುಗಿಲ್ಲ ಅವರು."

"ಇದು ಇಳಿದರೆ ನಾನು ಊರಿನಿಂದ ಆಚೆ ಹೋಗಬೇಕು."

"ಇಳೀದಿದ್ದರೆ ನಾನು ಹೋಗಬೇಕು! ನೀನು ಹೋದರೆ ಏನು ಮಹಾ?" ಅಂದವನು, ಮಾತು ಒರಟಾಯಿತೆಂದು ಹತ್ತಿರ ಸರಿದು ದನಿಯನ್ನು ಮೆತ್ತಗೆ ಮಾಡಿದ. "ಕೇಳಿಲ್ಲಿ. ಅದಕ್ಕೂ ಯೋಚನೆ ಮಾಡಿದ್ದೀನಿ. ನಾಲ್ಕು ದಿನ ಅಪ್ಪನ ಮನೇಲಿರು. ಆಮೇಲೆ ಹೊಸ ಬಿಳಿ ಸೀರೆ ಉಡಿಸಿ ನಿನ್ನನ್ನೇ ಮತ್ತೆ ಮದುವೆಯಾಗಿ ಕರಕೊಂಡು ಬರ್ತೀನಿ. ಯಾರಿಗೂ ಗೊತ್ತಾಗಲ್ಲ. ಇವರು ಇಷ್ಟು ವರ್ಷ ನೋಡಿದ್ದು ನಿನ್ನ ಸೀರೆನ. ಮುಖ ಯಾರು ನೋಡಿದ್ದಾರೆ?"

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ. ಅದೇ ಅವಳಿಗೆ ತಡೆಯಲಾಗದ್ದು.

"ನೀವು ನೋಡಿದ್ದೀರಾ?" ಅಂದಳು.

ದೊರೆಯ ಕಣ್ಣು ಸೆರಗಿನ ತುದಿಯ ಮೇಲಿತ್ತು.

"ಒಂದು ಮಾತು ಸಾಕು ರೀ. ಅಜ್ಜಿ ಆಯ್ತು ಅಂತಾರೆ, ಅವರು ತಿರುಗ್ತಾರೆ, ನೀವು ಇದು ನನ್ನದು ಅನ್ನಿ. ಇಬ್ಬರೂ ಒಟ್ಟಿಗೆ ಆಚೆ ಹೋಗೋಣ. ನಿಮ್ಮ ಜೊತೆ ನಾನು ಬರ್ತೀನಿ, ಎಲ್ಲಿಗಾದರೂ."

"ನಿನಗೂ ಗೊತ್ತಿತ್ತಲ್ಲ," ಅಂದ ದೊರೆ ತಟ್ಟನೆ. "ಬಣ್ಣ ಅಂತ ನೀನೇ ಅಂದೆ. ಗೊತ್ತಿದ್ದೂ ಸುಮ್ಮನಿದ್ದೆ. ಹಾಗಾದರೆ ನಿನ್ನದು ಏನೂ ಇಲ್ಲವಾ ಇದರಲ್ಲಿ?"

ಅವಳು ಬಗ್ಗಿ ಸೆರಗಿನ ಬಿಳುಪನ್ನು ಕಣ್ಣಿನ ಹತ್ತಿರ ಹಿಡಿದಳು. ಬಡಿಗೆಯ ಪೆಟ್ಟಿಗೆ ಮೇಣ ಒಂದು ಕಡೆ ಬಿರಿದಿತ್ತು. ಆ ಬಿರುಕಿನ ಗುಂಟ ಕೂದಲೆಳೆಯಷ್ಟು ತೆಳ್ಳನೆಯ ಕಪ್ಪು ಗೆರೆ ಒಳಗೆ ಇಳಿದಿತ್ತು. ಅಪ್ಪ ಹೇಳಿದ್ದು ಸುಳ್ಳಲ್ಲ.

"ಇದೆ," ಅಂದಳು. "ಇಷ್ಟು ನನ್ನದು. ಇದನ್ನು ನಾನು ಹೊತ್ತುಕೊಳ್ತೀನಿ. ಇಷ್ಟನ್ನೇ."

ಬಿಸಿಲು ಏರಿತು. ಊರು ನಿಂತೇ ಇತ್ತು. ಬೆನ್ನು ತಿರುಗಿಸಿ ನಿಲ್ಲುವುದರಲ್ಲಿ ಆ ಊರನ್ನು ಮೀರಿಸುವವರು ಮೂರು ಲೋಕದಲ್ಲಿಲ್ಲ; ಒಂದು ಸಲ ಬೆಂಕಿ ಬಿದ್ದಾಗಲೂ ಬೆನ್ನು ಬೆಚ್ಚಗಾಯಿತೆಂದು ಖುಷಿಪಟ್ಟವರು. ಆದರೂ ಮಧ್ಯಾಹ್ನದ ಹೊತ್ತಿಗೆ ಕಾಲು ಜೋಮು ಹಿಡಿಯಿತು, ಹೊಟ್ಟೆ ತಾಳ ಹಾಕಿತು. ಬಿಸಿಲಿಗೆ ದೊರೆಸಾನಿಯ ಸೀರೆಯ ನೀರೆಲ್ಲ ಆರಿ, ಅವಳ ಸುತ್ತ ಮರದ ಹಾಗೆ ಗಡುಸಾಯಿತು. "ಅಜ್ಜೀ, ನಿದ್ದೆ ಬಂತಾ?" ಎಂದು ಯಾರೋ ಕೂಗಿದರು. "ಆಯ್ತು ಅನ್ನಜ್ಜೀ, ಮನೇಲಿ ಮುದ್ದೆ ಆರ್ತಾ ಇದೆ!" ಎಂದು ಇನ್ಯಾರೋ. ಅಜ್ಜಿ ತುಟಿ ಬಿಚ್ಚಲಿಲ್ಲ.

ಕೊನೆಗೆ ಪಂಡಿತ ತಿರುಗಿದ. ಅವನ ಹಿಂದೆ ಊರು ತಿರುಗಿತು.

ದೊರೆಯ ಕೈಯಲ್ಲಿ ಅಂಗಿ, ಅಂಗಿಯ ಮೇಲೆ ಕಲೆ. ಕಂದಕದಲ್ಲಿ ಹೆಂಡತಿಯನ್ನು ಕಳೆದುಕೊಂಡ ಕುಂಬಾರ ಎರಡು ಹೆಜ್ಜೆ ಮುಂದೆ ಬಂದ. "ಅದು ಕಮಾನಲ್ವಾ?" ಅಂದ. "ಕೆಳಗೆ ಏಳು..." ಅಂದವನು ಸುತ್ತಲಿನ ಮುಖಗಳನ್ನು ನೋಡಿ ಅಲ್ಲೇ ನಿಂತ.

ಪಂಡಿತ ಕೋಲು ಎತ್ತಿದ. ಜೀವಮಾನವೆಲ್ಲ ಸೀರೆ ಓದಿದವನು, ಅಂಗಿ ಓದಿ ಗೊತ್ತಿಲ್ಲ. ಕೋಲು ಅತ್ತ ಹೋಯಿತು, ಇತ್ತ ಬಂತು, ಕೊನೆಗೆ ತನಗೆ ಗುರುತಿದ್ದ ದಾರಿ ಹಿಡಿದು ಸೆರಗಿನ ತುದಿಗೆ ಬಂದು ನಿಂತಿತು.

"ಇಲ್ಲಿ ಏನೋ ಹೊಳೀತಿದೆಯಲ್ಲ!"

"ಮೇಣ!" ಅಂದರು ಮುಂದೆ ನಿಂತವರು.

"ನಮ್ಮನೇಲಿ ಕಾಲು ಒಡೆದರೆ ಹಚ್ಚೋಕೆ ಮೇಣ ಇಲ್ಲ, ಇವಳ ಸೀರೆಗೆ ಮೇಣ!"

"ಯಾರ ಮನೆ ಜೇನು ಕಿತ್ತಳೋ!"

"ಮೇಣ ಹಚ್ಚಿ, ತನ್ನ ಕಲೆನ ಗಂಡನ ಅಂಗಿಗೆ ಹತ್ತಿಸಿದ್ದಾಳೆ," ಅಂತ ಪಂಡಿತ ಓದಿ ಮುಗಿಸಿದ. ಊರು ನಿಟ್ಟುಸಿರು ಬಿಟ್ಟಿತು. ಎಲ್ಲವೂ ತಿರುಗಿ ತನ್ನ ಜಾಗಕ್ಕೆ ಬಂದಿತ್ತು.

"ಲೇ ಪಂಡಿತ," ಅಂದಳು ಅಜ್ಜಿ. "ನಾನು ನೋಡ್ತಾ ಇದ್ದೆ ಕಣೋ. ಕಲೆ ಅಂಗಿಯದೇ."

"ನೋಡ್ತಾ ಇದ್ದೆಯಾ? ಬೆನ್ನು ತಿರುಗಿಸಲಿಲ್ಲವಾ ನೀನು?"

"ಬೆನ್ನು ತಿರುಗಿಸ್ಕೊಂಡು ಬಟ್ಟೆ ಒಗೆಯೋಕಾಗುತ್ತೇನೋ?" ಅಜ್ಜಿ ಎಲ್ಲರ ಕಡೆಗೂ ಕಣ್ಣು ಹಾಯಿಸಿದಳು. "ನಲವತ್ತು ವರ್ಷದಿಂದ ಈ ಕಡೆಗೇ ಮುಖ ಮಾಡಿ ನಿಂತಿದ್ದೀನಿ. ಏಳು ದೊರೆಸಾನಿಯರು ಹೋದರು, ಇವರು ಎಂಟನೆಯವರು. ಒಬ್ಬರಾದರೂ ಬಂದು, ಅಜ್ಜೀ ಏನು ಕಂಡೆ ಅಂತ ಕೇಳಿದಿರಾ?"

ಇಷ್ಟು ದೊಡ್ಡ ಊರಿನಲ್ಲಿ, 'ಒಗೆಯುವವಳಿಗೂ ಕಣ್ಣಿರುತ್ತದೆ' ಎಂಬಷ್ಟು ಸಣ್ಣ ಮಾತು ಯಾರಿಗೂ ಹೊಳೆದಿರಲಿಲ್ಲ. ಈಗ ಎಲ್ಲರೂ ದೊರೆಯ ಕಡೆ ನೋಡಿದರು. ದೊರೆಸಾನಿಯೂ ನೋಡಿದಳು. ಅವನು ಉಸಿರೆಳೆದುಕೊಂಡ. ಆ ಒಂದು ಉಸಿರಿನಷ್ಟು ಹೊತ್ತು ಅವಳಿಗೆ ಅವನು ಹೇಳಿಯೇ ಬಿಡುತ್ತಾನೆ ಅನ್ನಿಸಿತು. ಮಲ್ಲಿಗೆ ಮೊಗ್ಗಿನಂಥ ಕಲೆಯನ್ನು ಬೆರಳಿನಿಂದ ಸವರಿದ್ದವನು ಇವನೇ ಅಲ್ಲವೇ.

"ಅವಳದೇ," ಅಂದ ದೊರೆ.

ಅಂದು, ಅಂಗಿಯನ್ನು ಒಳಮಗ್ಗಲು ಹೊರಗೆ ಮಾಡಿ ತೊಟ್ಟುಕೊಂಡ. ಒಳಮಗ್ಗಲು ಬೆಳ್ಳಗಿತ್ತು. ಊರು ಚಪ್ಪಾಳೆ ತಟ್ಟಿತು. ಏಳು ಮನೆಯವರ ಕೈಗಳು ಮಾತ್ರ ಮೇಲೇಳಲಿಲ್ಲ. ಬೆಳ್ಳನೆಯ ಒಳಮಗ್ಗಲಿನ ಅಡಿಯಲ್ಲಿ ಆ ಒದ್ದೆ ಕಲೆ ತನ್ನ ಚರ್ಮಕ್ಕೆ ತಣ್ಣಗೆ ಅಂಟಿಕೊಂಡಾಗ ದೊರೆ ಸಣ್ಣಗೆ ಬೆಚ್ಚಿದ್ದನ್ನು ಕಂಡವಳು ದೊರೆಸಾನಿ ಒಬ್ಬಳೇ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಯಾವುದಕ್ಕೂ ಕಾಯುತ್ತಿರಲಿಲ್ಲ.

ಯಾರೂ ಕಳಿಸುವ ಮುಂಚೆಯೇ ಅವಳು ಊರಬಾಗಿಲಿನ ಕಡೆ ನಡೆದಳು. ಹಿಂದೆ ಅಜ್ಜಿ, ಬಟ್ಟೆಯ ಗಂಟು ಹೊತ್ತು.

ಬಾಗಿಲ ಆಚೆ ಕಂದಕ ಬಾಯಿ ತೆರೆದಿತ್ತು. ಆ ದಡದಲ್ಲಿ ಸಂತೆಗೆ ಹೋಗಿ ಸಿಕ್ಕಿಬಿದ್ದ ಅರ್ಧ ಊರು ಮೂರು ಕಲ್ಲಿನ ಒಲೆ ಹೂಡಿಕೊಂಡು ಕೂತಿತ್ತು. ದಾಟಲು ಏನೂ ಇರಲಿಲ್ಲ. ಹೊರಗೆ ಹಾಕಿದವಳು ಹೊರಗೆ ಹೋಗುವುದು ಹೇಗೆಂದು ಕೂಡ ಊರು ಯೋಚಿಸಿರಲಿಲ್ಲ.

ಅಜ್ಜಿ ಗಂಟು ಬಿಚ್ಚಿ ಒಂದು ಕೋರಾ ಸೀರೆ ತೆಗೆದಳು; ನೀರು ಕಾಣದ, ಬಣ್ಣ ಕಾಣದ ಸೀರೆ. "ಮೊಮ್ಮಗಳಿಗೆ ಅಂತ ತಂದಿಟ್ಟಿದ್ದೆ. ನಿಮ್ಮ ಕೇರೀಲಿ ಬಣ್ಣ ಹಾಕಿಸಬೇಕು ಅಂತಿದ್ದಳು."

ಬಾಗಿಲ ಮರೆಯಲ್ಲಿ ದೊರೆಸಾನಿ ಧಾರೆ ಸೀರೆಯನ್ನು ಕದ ತೆರೆದ ಹಾಗೆ ತೆರೆದು ಅದರೊಳಗಿನಿಂದ ಹೊರಗೆ ಬಂದಳು. ಕೋರಾ ಸೀರೆ ಉಟ್ಟಳು. ಮೈಮೇಲೆ ಏನೂ ಇಲ್ಲವೇನೋ ಅನ್ನುವಷ್ಟು ಹಗುರ. ಆಮೇಲೆ ಇಬ್ಬರೂ ಸೇರಿ ಧಾರೆ ಸೀರೆಯನ್ನು ಸುರುಳಿ ಬಿಚ್ಚಿದರು. ಹದಿನಾರು ಮೊಳದ ಹಲಗೆ. ಸೆರಗನ್ನು ಮುಂದೆ ಮಾಡಿ ಕಂದಕದ ಮೇಲೆ ನೂಕಿದರು. ಅದು ಬಗ್ಗಲಿಲ್ಲ, ಬಳುಕಲಿಲ್ಲ. ಆಚೆ ದಡಕ್ಕೆ ತಾಗಿ ಕೂತಿತು. ಊರಿಗೆ ಅಷ್ಟು ಗಟ್ಟಿಯಾದ ವಸ್ತುವನ್ನು ಯಾವ ದೊರೆಯೂ ಮಾಡಿಕೊಟ್ಟಿರಲಿಲ್ಲ.

ಅವಳು ದಾಟಿದಳು. ಮಲ್ಲಿಗೆ ಮೊಗ್ಗಿನ ಕಲೆಯ ಮೇಲೆ ಒಂದು ಹೆಜ್ಜೆ, ಕೆರೆಯ ಮೇಲೊಂದು, ಕಣಜದ ಮೇಲೊಂದು.

ಆ ದಡದ ಮುದುಕನೊಬ್ಬ ಅವಳ ಮುಖವನ್ನೇ ನೋಡುತ್ತಾ ಕೇಳಿದ: "ಯಾರಮ್ಮಾ ನೀನು? ಆ ಕಡೆಯವಳಾ?"

"ಈ ಕಡೆಯವಳೇ. ಬಣ್ಣಗಾರರ ಮಗಳು."

"ಸೇತುವೆ ಚೆನ್ನಾಗಿದೆ. ದೊರೆ ಮಾಡಿಸಿದ್ದಾ?"

"ಪೂರ್ತಿ ಅವರದೇ ಕೆಲಸ," ಅಂದಳು. "ಒಂದೊಂದನ್ನೂ ನೋಡಿಕೊಂಡು ಹೋಗಿ, ನಿಮ್ಮದೂ ಏನಾದರೂ ಸಿಗಬಹುದು. ಇಲ್ಲಿ ತುದಿಯಲ್ಲಿ ಅಂಗೈಯಗಲ ಜಾಗ, ಅದರಲ್ಲೊಂದು ಕೂದಲೆಳೆ ಗೆರೆ, ಅದು ನನ್ನದು. ಅಲ್ಲಿ ಜಾರುತ್ತೆ. ಹುಷಾರಾಗಿ ಕಾಲಿಡಿ."

ಅವರು ಒಬ್ಬೊಬ್ಬರಾಗಿ ಹತ್ತಿದರು. ಮೇಣದ ಮೇಲೆ ಕಾಲು ಜಾರಿ ಬೆಚ್ಚಿದವರು ಆಮೇಲೆ ತಲೆ ಎತ್ತಲಿಲ್ಲ, ಒಂದೊಂದು ಕಲೆಯನ್ನೂ ದಿಟ್ಟಿಸುತ್ತಾ ನಡೆದರು. ನಡುವೆ ಒಬ್ಬ ನಿಂತುಬಿಟ್ಟ. "ಇದು ನಮ್ಮ ಹೊಲ ಅಲ್ವಾ?" ಅಂದ, ಯಾರನ್ನೂ ಕೇಳದೆ. ಊರಬಾಗಿಲ ಕಡೆಯಿಂದ ಕೆಲವರು ಹಳೆಯ ಅಭ್ಯಾಸದಂತೆ ಬೆನ್ನು ತಿರುಗಿಸಿಕೊಂಡು ದಾಟಲು ನೋಡಿದರು. ಎರಡು ಹೆಜ್ಜೆಗೆ ತಲೆ ಸುತ್ತಿ ಹಿಂದಕ್ಕೆ ಓಡಿದರು. ಬಾಗಿಲಿನಲ್ಲಿ ದೊರೆ ಅಂಗಿಯ ಎದೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ಅವನು ಸೇತುವೆಗೆ ಕಾಲಿಡಲಿಲ್ಲ.

ಅವಳು ಕೇರಿಯ ದಾರಿ ಹಿಡಿಯುವ ಮುಂಚೆ ಒಂದು ಗಳಿಗೆ ನಿಂತು ಕಿವಿಗೊಟ್ಟಳು. ಊರಿನ ಕಡೆಯ ದಡದಲ್ಲಿ, ಸೇತುವೆಯ ತಲೆಯ ಬಳಿ, ಅಜ್ಜಿ ಕಾಲು ಚಾಚಿ ಕೂತಿದ್ದಳು. "ಕೆಳಗೆ ನೋಡ್ಕೊಂಡು ನಡೀರೋ, ಕೆಳಗೆ ನೋಡ್ಕೊಂಡು," ಎನ್ನುತ್ತಿದ್ದಳು ಪ್ರತಿಯೊಬ್ಬರಿಗೂ. ಹೊತ್ತು ಇಳಿಯುತ್ತಿತ್ತು. ಅವಳು ಇನ್ನೂ "ಆಯ್ತು" ಅಂದಿರಲಿಲ್ಲ.